ಮೂರೇ ಮೂರು ಫೋಟೋ

ಮಕ್ಕಳೇ, ನಿಮ್ಮ ಮನೆಯಲ್ಲಿ ನಿಮ್ಮ ಫೋಟೋ ಎಷ್ಟಿವೆ ಅಂತ ಎಂದಾದರೂ ಎಣಿಸಿದ್ದೀರಾ? ಎಣಿಸಲು ಹೋಗಬೇಡಿ, ನಾಳೆಯ ಹೋಂವರ್ಕ್ ಕೆಡುತ್ತದೆ. ನನಗೆ ಹನ್ನೆರಡು ವರ್ಷ ತುಂಬುವವರೆಗೆ ನನ್ನದು ಒಂದೇ ಫೋಟೋ ಇತ್ತು. ಅದರಲ್ಲೂ ನಾನು ಇದ್ದದ್ದು ಅರ್ಧ. ಸೋದರಮಾವನ ಮದುವೆಯ ಗುಂಪು ಫೋಟೋ ಅದು. ಕೊನೆಯಲ್ಲಿ ನಿಂತಿದ್ದ ನನ್ನ ಒಂದು ಕಣ್ಣು, ಒಂದು ಕಿವಿ, ಒಂದು ತೋಳು ಬಂದಿವೆ. ಮಿಕ್ಕದ್ದು ಚೌಕಟ್ಟಿನ ಆಚೆ. ನಮ್ಮವ್ವ ಬದುಕಿರುವ ತನಕ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿ “ಇಲ್ನೋಡಿ, ನನ್ನ ಮಗ” ಅನ್ನುತ್ತಿದ್ದಳು. ಬಂದವರು ಹುಡುಕಬೇಕಿತ್ತು.

ಆ ಸಿಟ್ಟಿಗೋ ಏನೋ, ದೊಡ್ಡವನಾದ ಮೇಲೆ ಚನ್ನಪಟ್ಟಣದಲ್ಲಿ ಫೋಟೋ ಸ್ಟುಡಿಯೋ ಇಟ್ಟೆ. ಮೂವತ್ತನಾಲ್ಕು ವರ್ಷ “ಗದ್ದ ಸ್ವಲ್ಪ ಎತ್ತಿ, ಅಲ್ಲಾಡಬೇಡಿ” ಅಂತ ಹೇಳಿ ಹೇಳಿ ಈಗ ನಿದ್ದೆಯಲ್ಲೂ ಅದನ್ನೇ ಹೇಳುತ್ತೇನಂತೆ. ನಮ್ಮ ಮನೆಯಾಕೆಯ ದೂರು ಇದು. ಆಗಿನ ಕ್ಯಾಮೆರಾಗೆ ಒಂದು ರೋಲು ಹಾಕಿದರೆ 12 ಫೋಟೋ. ಗುಂಡಿ ಒತ್ತುವ ಮೊದಲು ಯೋಚಿಸುತ್ತಿದ್ದೆವು. ಈಗ ಎಲ್ಲರ ಜೇಬಿನಲ್ಲೂ ಒಂದು ಸ್ಟುಡಿಯೋ ಇದೆ. ನನ್ನದು ಬಾಗಿಲು ಹಾಕಿ ಕೆಲವು ವರ್ಷವಾಯಿತು.

ಹಾಗಿದ್ದರೂ ಜೂನ್ ಮೊದಲ ವಾರ ಒಂದು ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬರು ಮನೆ ಹುಡುಕಿಕೊಂಡು ಬಂದರು. ವಾಲಗದ ಯಜಮಾನರು. ಮಾಗಡಿ ಕಡೆಯವರು, ಅವರ ಮನೆ ಜಗಲಿಯಲ್ಲಿ ಕೂತರೆ ಸಾವನದುರ್ಗದ ಬಂಡೆ ಎದುರಿಗೇ ಕಾಣುತ್ತದೆ. ಮದುವೆ, ಗೃಹಪ್ರವೇಶ, ಮಾಗಡಿ ತಿರುಮಲೆ ರಂಗನಾಥಸ್ವಾಮಿಯ ತೇರು, ಎಲ್ಲ ಕಡೆ ನಾಗಸ್ವರ ನುಡಿಸಿದವರು. ನಾನು ಫೋಟೋ ತೆಗೆದ ಮದುವೆಗಳಲ್ಲಿ ನೂರಕ್ಕೆ ಕಮ್ಮಿ ಇಲ್ಲದಷ್ಟಕ್ಕೆ ಅವರದೇ ವಾಲಗ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಛತ್ರಕ್ಕೆ ಬರುತ್ತಿದ್ದವರು ನಾವಿಬ್ಬರು, ಅವರು ಮತ್ತು ನಾನು. ಊಟಕ್ಕೆ ಕೂರುತ್ತಿದ್ದದ್ದೂ ಕೊನೆಗೆ.

ಅವರ ಜತೆ ಮೊಮ್ಮಗಳು ಬಂದಿದ್ದಳು. ಎರಡನೇ ಪಿಯುಸಿ ಮುಗಿಸಿದ ಹುಡುಗಿ, ಹೆಗಲಿಗೆ ಪಿಟೀಲಿನ ಪೆಟ್ಟಿಗೆ. ಆರು ವರ್ಷದಿಂದ ವಾರಕ್ಕೆ ಮೂರು ದಿನ ಬಸ್ ಹತ್ತಿ ರಾಮನಗರಕ್ಕೆ ಪಾಠಕ್ಕೆ ಹೋಗುತ್ತಾಳೆ. ಜೂನಿಯರ್ ಪರೀಕ್ಷೆ, ಸೀನಿಯರ್ ಪರೀಕ್ಷೆ ಎರಡೂ ಆಗಿವೆ. ಈಗ ಸಂಗೀತದಲ್ಲೇ ಪದವಿ ಓದಬೇಕು ಅಂತ ಹಟ. ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆಯಲ್ಲ, ಅಲ್ಲಿಗೆ ಒಂದು ಅರ್ಜಿ. ಬೆಂಗಳೂರಿನ ಕಾಲೇಜುಗಳಿಗೆ ಎರಡು. ಅದರಲ್ಲಿ ಒಂದು ಕಾಲೇಜಿನವರು ಪಾಸ್‌ಪೋರ್ಟ್ ಸೈಜಿನ ಫೋಟೋ ಸಾಲದು ಅಂತ ಇನ್ನೂ ಮೂರು ಕೇಳಿದ್ದರು. ಅಭ್ಯರ್ಥಿಯ ಸಂಗೀತಾಭ್ಯಾಸವನ್ನು ತೋರಿಸುವಂಥವು, ಮೂರೇ ಮೂರು, ಪ್ರತಿಯೊಂದಕ್ಕೂ ಊರು ಮತ್ತು ತಾರೀಕು ಬರೆಯಬೇಕು.

“ಫೋಟೋ ತಾತ, ನನ್ನ ಫೋನಲ್ಲಿ ಎಂಟುನೂರು ಚಿಲ್ಲರೆ ಇದೆ. ಮೂರು ನೀವೇ ಆರಿಸಿಕೊಡಿ,” ಅಂದಳು. ಯಜಮಾನರು ಕೈಚೀಲದಿಂದ ಹಳೆಯ ಆಲ್ಬಮ್ ಎರಡು ತೆಗೆದು ಚಾಪೆಯ ಮೇಲಿಟ್ಟರು.

ಪಾಸ್‌ಪೋರ್ಟ್ ಫೋಟೋದ ಕೆಲಸ ಹತ್ತು ನಿಮಿಷದ್ದು. ಬಿಳಿ ಗೋಡೆಗೆ ಬೆನ್ನು, ಕಿಟಕಿಗೆ ಮುಖ, ಎರಡು ಕಿವಿಯೂ ಕಾಣಬೇಕು, ಗೋಡೆಯಿಂದ ಎರಡು ಹೆಜ್ಜೆ ಮುಂದೆ ನಿಂತರೆ ನೆರಳು ಬೀಳುವುದಿಲ್ಲ. ಇದನ್ನು ನೀವೂ ಮನೆಯಲ್ಲಿ ಮಾಡಬಹುದು. ಕನ್ನಡಕ ಇದ್ದವರು ಮಾತ್ರ ಗದ್ದ ಒಂಚೂರು ಇಳಿಸಿ, ಇಲ್ಲದಿದ್ದರೆ ಗಾಜಿನಲ್ಲಿ ಕಿಟಕಿ ಕಾಣುತ್ತದೆ.

ಆ ಮೂರು ಫೋಟೋ ಆರಿಸುವುದಕ್ಕೆ ಆರು ದಿನ ಹಿಡಿಯಿತು.

ಮೊದಲು ಬಹುಮಾನದ ಫೋಟೋಗಳು. ಕನಕಪುರದಲ್ಲಿ ಪ್ರತಿಭಾ ಕಾರಂಜಿ, ರಾಮನಗರದಲ್ಲಿ ಯುವಜನೋತ್ಸವ, ಇನ್ನೆಲ್ಲೋ ಗಣೇಶೋತ್ಸವ. ಎಲ್ಲದರಲ್ಲೂ ಒಂದೇ ನೋಟ. ಅತಿಥಿಗಳು ಕ್ಯಾಮೆರಾ ನೋಡುತ್ತಿದ್ದಾರೆ, ಹುಡುಗಿ ಕ್ಯಾಮೆರಾ ನೋಡುತ್ತಿದ್ದಾಳೆ, ಇಬ್ಬರ ನಡುವೆ ಕೊಡುವವರೂ ತೆಗೆದುಕೊಳ್ಳುವವರೂ ಮರೆತ ಒಂದು ಸ್ಟೀಲಿನ ಬಟ್ಟಲು. ಒಂದರಲ್ಲಂತೂ ಹಾರದ ಹಿಂದೆ ಹುಡುಗಿಯ ಹಣೆ ಮಾತ್ರ ಇದೆ. ಪಿಟೀಲು ಯಾವುದರಲ್ಲೂ ಇಲ್ಲ. “ಇವು ಬಹುಮಾನದ ಫೋಟೋಗಳಮ್ಮ, ನಿನ್ನವಲ್ಲ,” ಅಂದೆ. ಅತಿಥಿಗಳು ದೊಡ್ಡವರು, ಅವರನ್ನು ಬಿಡುವುದು ಹೇಗೆ ಅಂತ ಯಜಮಾನರಿಗೆ ಸಂಕಟ.

ಆಮೇಲೆ ಸೆಲ್ಫಿಗಳು. ಇದರಲ್ಲೊಂದು ಚೋದ್ಯ ಕಂಡೆ. ಹುಡುಗಿ ಎಡಗೈಯಲ್ಲಿ ಕಮಾನು ಹಿಡಿದಿದ್ದಾಳೆ! ಎಡಚಿಯೇ ಅಂತ ಕೇಳಿದರೆ ಅಲ್ಲ. ಕೆಲವು ಫೋನುಗಳಲ್ಲಿ ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ ಎಡ ಬಲ ಅದಲುಬದಲು ಮಾಡುತ್ತದೆ. ಮುಖಕ್ಕೆ ಅದು ಗೊತ್ತಾಗುವುದಿಲ್ಲ, ವಾದ್ಯಕ್ಕೆ ಗೊತ್ತಾಗುತ್ತದೆ. ಸಂಗೀತ ಬಲ್ಲವರು ಅಂಥ ಫೋಟೋ ನೋಡಿದರೆ ಮೊದಲು ತಬ್ಬಿಬ್ಬಾಗುತ್ತಾರೆ, ಆಮೇಲೆ ನಗುತ್ತಾರೆ. ಅಂಗಿಯ ಮೇಲಿನ ಅಕ್ಷರ ಉಲ್ಟಾ ಇದೆಯೇ ನೋಡಿಕೊಳ್ಳಿ, ತಿಳಿಯುತ್ತದೆ.

ಮೂರನೆಯದು ಸ್ಟುಡಿಯೋ ಫೋಟೋ. ಹಿಂದೆ ಜಲಪಾತದ ಪರದೆ, ಮುಂದೆ ಹನ್ನೊಂದು ವರ್ಷದ ಹುಡುಗಿ, ಜರಿ ಲಂಗ. ನಿಂತುಕೊಂಡು ಪಿಟೀಲನ್ನು ಗದ್ದದ ಕೆಳಗೆ ಸಿಕ್ಕಿಸಿ, ಕಮಾನನ್ನು ಆಕಾಶಕ್ಕೆ ಎತ್ತಿದ್ದಾಳೆ. ಸಿನಿಮಾ ಪೋಸ್ಟರಿನ ಹಾಗೆ.

“ಇದ್ಯಾವ ತಲೆಕೆಟ್ಟವನಮ್ಮ ತೆಗೆದದ್ದು?” ಅಂದೆ.

ಹುಡುಗಿ ಫೋಟೋ ತಿರುಗಿಸಿದಳು. ಹಿಂದೆ ನನ್ನ ಸ್ಟುಡಿಯೋದ ಸೀಲು.

ನೆನಪಾಯಿತು. ಬಾಗಿಲು ಹಾಕುವ ಮುಂಚಿನ ವರ್ಷ ಹೊಸ ಪಿಟೀಲು ಬಂತು ಅಂತ ಯಜಮಾನರು ಕರೆದುಕೊಂಡು ಬಂದಿದ್ದರು. ನಾನೇ ನಿಲ್ಲಿಸಿದ್ದು, ನಾನೇ ಗದ್ದ ಎತ್ತಿಸಿದ್ದು. ನಮ್ಮ ಕರ್ನಾಟಕ ಸಂಗೀತದವರು ಪಿಟೀಲನ್ನು ಹಾಗೆ ಹಿಡಿಯುವುದಿಲ್ಲ ಅಂತ ಅಷ್ಟು ಮದುವೆ ಕಂಡವನಿಗೂ ತೋಚಿರಲಿಲ್ಲ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಬಲಗಾಲನ್ನು ತುಸು ಮುಂದೆ ಚಾಚಿ, ಪಿಟೀಲಿನ ತುದಿಯ ಸುರುಳಿಯನ್ನು ಪಾದದ ಗಿಣ್ಣಿನ ಮೇಲೆ ಊರುತ್ತಾರೆ. ಇನ್ನೊಂದು ತುದಿ ಎದೆಗೆ ಒತ್ತಿರುತ್ತದೆ. ಹೀಗೆ ಎರಡೂ ಕಡೆ ಆಸರೆ ಸಿಕ್ಕರೆ ಎಡಗೈಗೆ ವಾದ್ಯ ಹಿಡಿಯುವ ಕೆಲಸವೇ ಇಲ್ಲ. ಅದು ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ಜಾರಾಡಿ ಗಮಕ ನುಡಿಸಬಹುದು. ಪಿಟೀಲು ಯುರೋಪಿನಿಂದ ಬಂದದ್ದು. ಇನ್ನೂರು ವರ್ಷದ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಐರೋಪ್ಯ ವಾದಕರಿಂದ ಕಲಿತು ನಮ್ಮ ಸಂಗೀತಕ್ಕೆ ತಂದರು. ವಾದ್ಯ ಅಲ್ಲಿಯದೇ, ಕೂರುವ ರೀತಿ ಮಾತ್ರ ನಮ್ಮದಾಯಿತು.

“ಅವತ್ತೇ ಯಾಕೆ ಹೇಳಲಿಲ್ಲಮ್ಮ?”

“ದೊಡ್ಡೋರು ನೀವು. ನೀವೇ ಹಿಂಗೆ ನಿಂತ್ಕೋ ಅಂದ್ರಲ್ಲ ತಾತ.”

ಅಜ್ಜ ಅಜ್ಜಿಯರೇ, ದಯವಿಟ್ಟು ಈ ಮಾತನ್ನು ನೀವೂ ಓದಿಕೊಳ್ಳಿ. ಹನ್ನೊಂದು ವರ್ಷದ ಮಗುವಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಸಂಗೀತಗಾರರ ಫೋಟೋ ಅಂದರೆ ಹಿಂದಿನಿಂದಲೂ ಇದೇ ಪಾಡು. ಗೌಹರ್ ಜಾನ್ ಅಂತ ಹಾಡುಗಾರ್ತಿ ಇದ್ದರು. 1902ರಲ್ಲಿ ನಮ್ಮ ದೇಶದ ಮೊದಮೊದಲ ಗ್ರಾಮಫೋನ್ ಮುದ್ರಿಕೆಗಳಿಗೆ ಹಾಡಿದವರು. ಅವರ ಫೋಟೋ ಪೋಸ್ಟ್‌ಕಾರ್ಡುಗಳ ಮೇಲೆ ಬಂತು, ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣದ ಮೇಲೂ ಬಂತು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಫೋಟೋಗಳಲ್ಲಿ ಒಡವೆ ಕಾಣುತ್ತದೆ, ಸೀರೆ ಕಾಣುತ್ತದೆ. ಹಾಡು ಎಲ್ಲಿ ಹುಡುಕುವುದು?

ನಾಲ್ಕನೆಯ ದಿನ ನಮಗೆ ಎರಡು ಸಿಕ್ಕಿದವು. ಒಂದು, ಪಾಠದ ಮನೆಯಲ್ಲಿ ಟೀಚರಮ್ಮನ ಎದುರು ಕೂತು ನುಡಿಸುತ್ತಿರುವುದು. ಮುಖ ಪಕ್ಕಕ್ಕಿದೆ, ಬೆಳಕು ಕಮ್ಮಿ, ಆದರೆ ಕೈ ನೆಟ್ಟಗಿದೆ. ಇನ್ನೊಂದು, ಕನಕಪುರದ ವೇದಿಕೆಯಲ್ಲಿ ಕಚೇರಿ ಶುರುವಾಗುವ ಮೊದಲು ತಂತಿ ಶ್ರುತಿ ಮಾಡಿಕೊಳ್ಳುತ್ತಿರುವುದು, ಕಿವಿ ಪಿಟೀಲಿಗೆ ಬಗ್ಗಿದೆ. (ತಂತಿ ಅಂದಾಗ ಒಂದು ಮಾತು. ನಮ್ಮ ಚನ್ನಪಟ್ಟಣ ಅಂದರೆ ನಿಮಗೆಲ್ಲ ಬಣ್ಣದ ಗೊಂಬೆ ನೆನಪಾಗುತ್ತದೆ. ನೂರು ವರ್ಷದ ಹಿಂದಿನ ಗೆಜೆಟಿಯರುಗಳಲ್ಲಿ ಈ ಊರಿನ ಹೆಸರಿನ ಎದುರು ಗೊಂಬೆಯ ಜತೆಗೆ ವಾದ್ಯಗಳಿಗೆ ಕಟ್ಟುವ ಸಣ್ಣ ಉಕ್ಕಿನ ತಂತಿಯನ್ನೂ ಬರೆದಿದ್ದಾರೆ.)

ಮೂರನೆಯದು ಫೋನಿನ ತಳದಲ್ಲಿತ್ತು. ಯಾರೋ ಯಾರಿಗೋ ಕಳಿಸಿ, ಅವರು ಇವಳಿಗೆ ಕಳಿಸಿದ್ದು. ಹೋದ ವರ್ಷ ಮಾಗಡಿಯಲ್ಲಿ ಒಂದು ಮದುವೆ, ಹಿಂದಿನ ದಿನದ ಚಪ್ಪರ. ಕರೆಂಟು ಹೋಗಿದೆ. ಚಪ್ಪರದ ಗರಿಗಳ ಸಂದಿಯಿಂದ ಸಂಜೆ ಬೆಳಕು ಓರೆಯಾಗಿ ಬಿದ್ದಿದೆ. ಹುಡುಗಿ ಚಾಪೆಯ ಮೇಲೆ ಕೂತು ನುಡಿಸುತ್ತಿದ್ದಾಳೆ. ಬರಿಗಾಲ ಮೇಲೆ ಸುರುಳಿ, ಕಮಾನು ತಂತಿಗೆ ಅಡ್ಡಲಾಗಿ ಒಂದು ಗೆರೆ ಎಳೆದ ಹಾಗೆ, ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಯಜಮಾನರು. ನಾಗಸ್ವರವನ್ನು ಚಾಪೆಯ ಮೇಲೆ ಮಲಗಿಸಿ, ತೊಡೆಯ ಮೇಲೆ ತಾಳ ಹಾಕುತ್ತ ಮೊಮ್ಮಗಳ ಬೆರಳನ್ನೇ ನೋಡುತ್ತಿದ್ದಾರೆ. ಆಚೆ ಒಂದು ಡೋಲು, ಬಾಳೆಕಂಬ, ಕಾಫಿ ಲೋಟ. ನಾನು ಮೂವತ್ತನಾಲ್ಕು ವರ್ಷದಲ್ಲಿ ಇಂಥ ಫೋಟೋ ತೆಗೆದಿಲ್ಲ. ತೆಗೆದವನು ಮದುಮಗಳ ತಮ್ಮ, ಒಂಬತ್ತನೇ ಕ್ಲಾಸಂತೆ.

“ಇದು,” ಅಂದೆ.

ಹುಡುಗಿಯೂ “ಇದೇ” ಅಂದಳು.

ಯಜಮಾನರು ಕನ್ನಡಕ ಹಾಕಿಕೊಂಡು ನೋಡಿದರು. “ಚೆನ್ನಾಗದೆ ಸಾಮಿ. ನನ್ನ ಕತ್ತರಿಸಾಕ್ಬುಡಿ.”

ನಾವು ತಮಾಷೆ ಅಂದುಕೊಂಡೆವು. ತಮಾಷೆಯಾಗಿರಲಿಲ್ಲ.

ಆಗ ನಮ್ಮ ಮೊಮ್ಮಗ, ಎಂಟನೇ ಕ್ಲಾಸಿನವನು, ಇಷ್ಟು ಹೊತ್ತು ಕೇರಂ ಆಡುತ್ತಿದ್ದವನು, “ಕತ್ತರಿಸೋದ್ಯಾಕೆ ತಾತ, ಫೋನಲ್ಲೇ ಅಳಿಸಬಹುದು, ಕೊಡಿ ಇಲ್ಲಿ,” ಅಂದ. ಬೆರಳಿನಿಂದ ಯಜಮಾನರ ಸುತ್ತ ಒಂದು ಸುತ್ತು ಎಳೆದ. ಒತ್ತಿದ. ಎರಡು ಎಣಿಸುವಷ್ಟರಲ್ಲಿ ಯಜಮಾನರು ಇಲ್ಲ. ಅವರು ಕೂತಿದ್ದ ಜಾಗದಲ್ಲಿ ಚಾಪೆ, ಬಾಳೆಕಂಬ, ಎಲ್ಲ ಮೊದಲಿನಿಂದ ಹಾಗೇ ಇದ್ದ ಹಾಗೆ. “ನೆರಳು ಉಳೀತು, ಅದನ್ನ ಬೇರೆ ಅಳಿಸಬೇಕು,” ಅಂದ ಹುಡುಗ.

ಯಜಮಾನರು ಫೋನನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. “ಎಷ್ಟು ಸಲೀಸು ನೋಡಿ ಸಾಮಿ,” ಅಂದರು.

ಹುಡುಗಿ ಅವರ ಕೈಯಿಂದ ಫೋನು ಕಿತ್ತುಕೊಂಡು ಏನೋ ಒತ್ತಿದಳು. ಯಜಮಾನರು ಮತ್ತೆ ಬಂದರು. “ಇದು ಸುಳ್ಳು ಫೋಟೋ ಆಗ್ತದೆ. ಕಾಲೇಜಿಗೆ ಸುಳ್ಳು ಕಳಿಸಲ್ಲ ನಾನು,” ಅಂದಳು. ಧ್ವನಿ ನಡುಗುತ್ತಿತ್ತು. ನಮ್ಮ ಮನೆಯಾಕೆ ಒಳಗಿನಿಂದ ಬಂದು ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಇಂಥ ಹೊತ್ತಿನಲ್ಲಿ ಅವಳಿಗೆ ಮಾತಿಗಿಂತ ಮಜ್ಜಿಗೆಯಲ್ಲೇ ನಂಬಿಕೆ.

ಯಜಮಾನರು ಹೇಳಿದ್ದನ್ನು ಅವರ ಮಾತಲ್ಲೇ ಬರೆಯುತ್ತೇನೆ. “ನಿಮಗೆ ಗೊತ್ತಿಲ್ಲ ಸಾಮಿ. ನೀವು ಕೊನೇ ಪಂಕ್ತಿಲಿ ಉಂಡ್ರಿ, ಆದ್ರೆ ಒಳಗೆ ಉಂಡ್ರಿ. ನಮಗೆ ಚಪ್ಪರದ ಆಚೆ ಎಲೆ ಹಾಕೋರು. ಎಲೆ ನಾವೇ ಎತ್ತಬೇಕು. ವಾಲಗ ಇಲ್ದೆ ತಾಳಿ ಕಟ್ಟಂಗಿಲ್ಲ, ವಾಲಗದೋನು ಒಳೀಕೆ ಬರಂಗಿಲ್ಲ. ಇವಳಿಗೆ ಪಿಟೀಲು ಯಾಕೆ ಕೊಡುಸ್ದೆ? ವೇದಿಕೆ ಮ್ಯಾಲೆ ಕೂತ್ಕಳ್ಳಿ ಅಂತ. ಈ ಫೋಟೋ ನೋಡುದ್ರೆ ಇವಳು ಯಾರ ಮನೆಯೋಳು ಅಂತ ಒಂದು ಗಳಿಗೇಲಿ ಗೊತ್ತಾಯ್ತದೆ. ಅರ್ಜಿ ನೋಡೋರು ಎಂಥೋರೋ ಏನೋ.”

ನಾನು ಸುಮ್ಮನೆ ಕೂತೆ. ಆ ರಾತ್ರಿ ಅಟ್ಟದ ಮೇಲಿನ ಟ್ರಂಕು ಇಳಿಸಿ ಹಳೆಯ ನೆಗೆಟಿವ್‌ಗಳನ್ನು ಬಲ್ಬಿಗೆ ಹಿಡಿದು ನೋಡಿದೆ. ಅವರು ವಾಲಗ ನುಡಿಸಿದ ಮದುವೆಗಳೇ ಎಷ್ಟೋ ಇದ್ದವು. ಧಾರೆ, ಸಪ್ತಪದಿ, ಆರತಕ್ಷತೆ, ಬೀಗರ ಊಟ. ವಾಲಗದವರನ್ನೇ ನೋಡಿ ತೆಗೆದ ಫೋಟೋ ಒಂದೂ ಇರಲಿಲ್ಲ. ಒಂದರ ಅಂಚಿನಲ್ಲಿ ನಾಗಸ್ವರದ ತುದಿ. ಇನ್ನೊಂದರಲ್ಲಿ ಒಂದು ಮೊಣಕೈ. ಮತ್ತೊಂದರಲ್ಲಿ ಅರ್ಧ ಮುಖ, ಉಬ್ಬಿದ ಕೆನ್ನೆ ಒಂದು, ಕಣ್ಣು ಒಂದು. ಅರ್ಧ ಫೋಟೋದ ಸಿಟ್ಟಿಗೆ ಸ್ಟುಡಿಯೋ ಇಟ್ಟೆ ಅಂತ ಮೇಲೆ ಬರೆದೆನಲ್ಲ, ಅದನ್ನು ಇನ್ನೊಮ್ಮೆ ಓದಿ ನನಗೇ ನಾಚಿಕೆಯಾಯಿತು.

ಯಜಮಾನರ ಹೆದರಿಕೆಯನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಫೋಟೋ ನೋಡಿ ಜನರನ್ನು ಬೇರೆ ಮಾಡಿದ್ದು ನಮ್ಮಲ್ಲಿ ಮಾತ್ರವೂ ಅಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1920ರ ದಶಕದಲ್ಲಿ ಅರ್ಜಿಯ ಜತೆ ಫೋಟೋ ಕೇಳತೊಡಗಿದ್ದು ಯಹೂದಿ ಹುಡುಗರನ್ನು ಗುರುತಿಸಿ ಕಮ್ಮಿ ಮಾಡುವುದಕ್ಕೆ. ಈಗ ಆ ದೇಶದ ಹೆಚ್ಚಿನ ಕಾಲೇಜುಗಳು ಅರ್ಜಿಯಲ್ಲಿ ಫೋಟೋ ಕೇಳುವುದೇ ಇಲ್ಲ. ಅಲ್ಲಿನ ವಾದ್ಯವೃಂದಗಳಲ್ಲಿ ಇನ್ನೊಂದು ಉಪಾಯವಿದೆ. ಹೊಸಬರನ್ನು ಆರಿಸುವಾಗ ನುಡಿಸುವವರ ಮತ್ತು ಕೇಳುವವರ ನಡುವೆ ಪರದೆ ಕಟ್ಟುತ್ತಾರೆ. ಬಾಸ್ಟನ್ ನಗರದ ವಾದ್ಯವೃಂದ 1952ರಲ್ಲೇ ಇದನ್ನು ಮಾಡಿತು. ಗಂಡೋ ಹೆಣ್ಣೋ, ಕರಿಯರೋ ಬಿಳಿಯರೋ, ಕೇಳುವವರಿಗೆ ಕಾಣದು. ಹೆಜ್ಜೆಯ ಸದ್ದಿನಿಂದ ಹೆಂಗಸಿನ ಚಪ್ಪಲಿ ಅಂತ ಗೊತ್ತಾಗಬಾರದು ಎಂದು ಕೆಲವು ಕಡೆ ನೆಲಕ್ಕೆ ಜಮಖಾನೆ ಹಾಸುತ್ತಾರೆ.

ಇದನ್ನು ಮಾರನೆಯ ದಿನ ಹುಡುಗಿಗೆ ಹೇಳಿದೆ. ಅವಳು ಪರದೆಯ ಉಪಾಯ ಬಹಳ ಮೆಚ್ಚಿಕೊಂಡಳು. “ಆದರೆ ಇವರು ಫೋಟೋ ಕೇಳವ್ರಲ್ಲ ತಾತ. ಕೇಳಿದ ಮೇಲೆ ನಾನೊಬ್ಬಳೇ ಎಲ್ಲಿಂದಲೋ ಉದುರಿದೆ ಅಂತ ಹೇಳ್ಲಾ?” ಅಂದಳು.

ಅವತ್ತು ಯಜಮಾನರನ್ನು ಕರೆದುಕೊಂಡು ಜಾನಪದ ಲೋಕಕ್ಕೆ ಹೋದೆ. ರಾಮನಗರದಿಂದ ಚನ್ನಪಟ್ಟಣಕ್ಕೆ ಬರುವ ಹೆದ್ದಾರಿಯ ಪಕ್ಕದಲ್ಲೇ ಇದೆ, ನೀವು ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀರಿ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದವರು ಊರೂರು ತಿರುಗಿ ಹಾಡು, ವಾದ್ಯ, ಒನಕೆ, ಬೀಸುವ ಕಲ್ಲು ಎಲ್ಲ ಕೂಡಿಹಾಕಿದರು. ಅಲ್ಲಿನ ಚಿತ್ರಕುಟೀರದಲ್ಲಿ ಜನಪದ ಕಲಾವಿದರ ಫೋಟೋ ಇವೆ, ವಾದ್ಯಗಳೂ ಇವೆ. ಇದನ್ನೆಲ್ಲ ನೋಡಿದರೆ ಯಜಮಾನರ ಮನಸ್ಸು ಹಗುರವಾದೀತು ಅಂತ ನನ್ನ ಲೆಕ್ಕ. ಅವರು ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ನೋಡಿದರು. ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು, “ಗಾಜಿನೊಳಗೆ ಮಡಗುದ್ರೆ ಮರ್ವಾದೆ, ಕೈಯಲ್ಲಿ ಹಿಡ್ಕಂಡ್ರೆ ಇಲ್ಲ. ಅಲ್ವಾ ಸಾಮಿ?” ಅಂದರು. ನನ್ನ ಲೆಕ್ಕ ತಪ್ಪಿತು.

ಆದರೆ ಬಸ್ಸಿನಲ್ಲಿ ಬರುವಾಗ ಮಾತು ಗಂಗೂಬಾಯಿಯವರ ಕಡೆ ತಿರುಗಿತು. ಮೈಸೂರಿನ ಅರ್ಜಿಯ ಮೇಲೆ ಅವರ ಹೆಸರು ಇದೆಯಲ್ಲ, ಅವರು ಯಾರು ಅಂತ ಯಜಮಾನರು ಕೇಳಿದರು. ಹೇಳಿದೆ. ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಹಾಡುಗಾರ್ತಿ. ಹಾಡುವವರ ಮನೆಯ ಹುಡುಗಿ ಅಂತ ಬೀದಿಯವರು ಆಡಿಕೊಳ್ಳುತ್ತಿದ್ದರು. ಚಿಕ್ಕವಳಿದ್ದಾಗ ಒಮ್ಮೆ ನೆರೆಮನೆಯವರ ತೋಪಿನಲ್ಲಿ ಮಾವಿನಹಣ್ಣು ಕದಿಯುವಾಗ ಸಿಕ್ಕಿಬಿದ್ದರಂತೆ. ಆ ಮನೆಯವರಿಗೆ ಹಣ್ಣು ಹೋದದ್ದು ದೊಡ್ಡದಾಗಲಿಲ್ಲ, ಹಾಡುವವರ ಹುಡುಗಿ ತಮ್ಮ ಅಂಗಳಕ್ಕೆ ಕಾಲಿಟ್ಟಳಲ್ಲ ಅನ್ನುವುದೇ ದೊಡ್ಡದಾಯಿತು. ಮುಂದೆ ಅದೇ ಜನ ಅವರನ್ನು ಮನೆಗೆ ಕರೆದು ಔತಣ ಮಾಡಿದರು ಅಂತ ಅವರೇ ಹೇಳಿಕೊಂಡಿದ್ದಾರೆ. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಹಾಡು ಹೇಗಾಗುತ್ತದೋ ಅನ್ನುವ ಹೆದರಿಕೆಗಿಂತ, ದೊಡ್ಡವರ ಊಟವಾದ ಮೇಲೆ ಎಂಜಲೆಲೆ ಎತ್ತು ಅನ್ನುತ್ತಾರೇನೋ ಅನ್ನುವ ಹೆದರಿಕೆಯೇ ಹೆಚ್ಚಿತ್ತಂತೆ. 2002ರಲ್ಲಿ ಪದ್ಮವಿಭೂಷಣ ಬಂತು.

“ಎಲೆ ಎತ್ತು ಅಂತಾರೆ ಅಂತ ಹೆದರಿದ್ರಾ?” ಅಂತ ಯಜಮಾನರು ಎರಡು ಸಲ ಕೇಳಿದರು. ಆಮೇಲೆ ಚನ್ನಪಟ್ಟಣ ಬರುವ ತನಕ ಮಾತಿಲ್ಲ.

ಇಳಿಯುವಾಗ ಹೇಳಿದರು, “ನಾನಿರೋ ಫೋಟೋ ಕಳುಸ್ಲೇಬೇಕು ಅಂದ್ರೆ ಅದು ಬ್ಯಾಡ. ಅದ್ರಲ್ಲಿ ವಾದ್ಯ ನೆಲದ ಮ್ಯಾಲೆ ಬಿದ್ದದೆ. ಸೋಮಾರಿ ಕೂತಂಗೆ ಕಾಣ್ತೀನಿ. ಹೊಸಾದು ತೆಗೀರಿ.”

ತೆಗೆದೆ. ಮಾರನೆಯ ಬೆಳಿಗ್ಗೆ ಏಳೂವರೆಗೆ, ನಮ್ಮ ಮನೆಯ ಜಗಲಿಯಲ್ಲಿ. ಯಜಮಾನರು ಜರಿ ಶಲ್ಯ ಹೊದ್ದು ನಾಗಸ್ವರ ಹಿಡಿದರು, ಹುಡುಗಿ ಪಿಟೀಲು. ಇಬ್ಬರೂ ಮೋಹನ ನುಡಿಸಿದರು. ಬೀದಿಯ ಜನ ಮನೆಯಲ್ಲಿ ಏನು ವಿಶೇಷ ಅಂತ ಬಂದು ನಿಂತರು, ಒಬ್ಬರು ಅಕ್ಷತೆಗೆ ಕೈ ಚಾಚುವುದೊಂದು ಬಾಕಿ. ನಾನು ಇಪ್ಪತ್ತು ತೆಗೆದೆ. ಊದುವ ವಾದ್ಯದವರ ಫೋಟೋ ಸುಲಭವಲ್ಲ, ಉಸಿರು ತುಂಬಿದಾಗ ಕೆನ್ನೆ ಬಲೂನು, ಬಿಟ್ಟಾಗ ಮುಖ ಬೇರೆಯವರದು. ಉಸಿರು ತೆಗೆದುಕೊಂಡು ಸ್ವರ ಹಿಡಿಯುವ ಮೊದಲ ಗಳಿಗೆಯಲ್ಲಿ ಒತ್ತಬೇಕು. ಒಂದು ಬಹಳ ಚೆನ್ನಾಗಿ ಬಂತು. ಯಜಮಾನರು ನೋಡಿ ತಮ್ಮ ಮೀಸೆಯನ್ನೊಮ್ಮೆ ಸವರಿಕೊಂಡರು.

ಹುಡುಗಿ ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ನೋಡಿದಳು, ಹಳೆಯದು, ಹೊಸದು. “ಇದರಲ್ಲಿ ತಾತ ಫೋಟೋ ತೆಗೆಸ್ಕೊತಾ ಅವ್ರೆ. ಅದರಲ್ಲಿ ಕಲಿಸ್ತಾ ಅವ್ರೆ. ಅರ್ಜೀಲಿ ಕೇಳಿರೋದು ಅಭ್ಯಾಸದ್ದು,” ಅಂದಳು.

ಯಜಮಾನರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಹೋದ ಸಲ ನಾನು ಹೇಳಿ ಆದದ್ದು ಜಲಪಾತದ ಪರದೆ.

“ನಾಗಸ್ವರ ನೆಲದ ಮ್ಯಾಲೆ ಅದೆಯಲ್ಲ ಮಗಾ.”

“ನೆಲದ ಮ್ಯಾಲಲ್ಲ ತಾತ, ಚಾಪೆ ಮ್ಯಾಲೆ. ಕೈಗೆ ತಾಳ ಹಾಕೋ ಕೆಲಸ ಇತ್ತಲ್ಲ.”

ಅವರು ಸ್ವಲ್ಪ ಹೊತ್ತು ಫೋಟೋ ನೋಡಿದರು. “ಆದಿತಾಳ. ಇವಳು ಅವತ್ತು ಎರಡು ಕಡೆ ಓಡಿದ್ಲು,” ಅಂದರು. ಒಪ್ಪಿಗೆ ಅಂತ ಇದರಲ್ಲೇ ತಿಳಿದುಕೊಂಡೆವು.

ಇನ್ನೂ ಕೆಲಸ ಇತ್ತು. ಒಬ್ಬರಿಂದ ಒಬ್ಬರಿಗೆ ವಾಟ್ಸಾಪಿನಲ್ಲಿ ದಾಟಿ ದಾಟಿ ಬಂದ ಫೋಟೋ ಸಣ್ಣಗಾಗಿರುತ್ತದೆ, ಅದರೊಳಗೆ ಬರೆದ ತಾರೀಕೂ ಅಳಿಸಿಹೋಗಿರುತ್ತದೆ. ಹುಡುಗಿ ಮಾಗಡಿಗೆ ಹೋಗಿ ಆ ಒಂಬತ್ತನೇ ಕ್ಲಾಸಿನವನ ಹತ್ತಿರ ಮೂಲ ಫೋಟೋ ಕೇಳಿ ತಂದಳು, ಜತೆಗೆ ತಾರೀಕಿಗೆಂದು ಮದುವೆಯ ಕರೆಯೋಲೆಯನ್ನೂ. (ನೀವು ಫೋಟೋ ಕಳಿಸುವಾಗ ‘ಡಾಕ್ಯುಮೆಂಟ್’ ಅಂತ ಇರುವುದನ್ನು ಒತ್ತಿ ಕಳಿಸಿ, ಇದ್ದ ಹಾಗೇ ಹೋಗುತ್ತದೆ.) ಇಷ್ಟೆಲ್ಲ ಮಾಡಿ ದೊಡ್ಡ ಫೋಟೋ ತಂದರೆ ಕಾಲೇಜಿನ ಅರ್ಜಿ 100 ಕೆಬಿಗಿಂತ ದೊಡ್ಡದು ಬೇಡ ಅಂತು. ನಮ್ಮ ಮೊಮ್ಮಗ ಅದನ್ನು ಮತ್ತೆ ಸಣ್ಣದು ಮಾಡಿದ. ಈ ಸಲ ಯಾರನ್ನೂ ಅಳಿಸಲಿಲ್ಲ.

ಫೋಟೋದ ಕೆಳಗೆ ಒಂದು ಸಾಲು ಬರೆಯಲು ಜಾಗ ಇತ್ತು. ಹುಡುಗಿ ಊರು, ತಾರೀಕು ಹಾಕಿ, “ಜತೆಯಲ್ಲಿ ನನ್ನ ಮೊದಲ ಗುರುಗಳು, ನಾಗಸ್ವರ ವಿದ್ವಾನ್” ಅಂತ ಬರೆದು ತಾತನ ಹೆಸರು ಸೇರಿಸಿ ಓದಿದಳು.

“ವಿದ್ವಾನ್ ತಗಿ. ಪರೀಕ್ಷೆ ಕಟ್ಟಿಲ್ಲ ನಾನು,” ಅಂದರು ಯಜಮಾನರು. ಅದು ನಾಗಸ್ವರ ವಾದಕರು ಅಂತ ಆಯಿತು. ‘ಮೊದಲ ಗುರುಗಳು’ ಅನ್ನುವುದಕ್ಕೆ ಅವರು ಏನೂ ಹೇಳಲಿಲ್ಲ.

ಇದು ಆಗಿ ಮೂರು ವಾರವಾಯಿತು. ಯಾವ ಕಾಲೇಜಿನವರೂ ಇನ್ನೂ ಕರೆದಿಲ್ಲ. ಕರೆದರೆ ಈ ಅಂಕಣದಲ್ಲೇ ಬರೆಯುತ್ತೇನೆ.

ಮೊನ್ನೆ ಸಂತೆಗೆ ಬಂದ ಯಜಮಾನರು ಬಾಗಿಲಲ್ಲೇ ನಿಂತು, ಜಗಲಿಯಲ್ಲಿ ತೆಗೆದ ಆ ಇನ್ನೊಂದು ಫೋಟೋ ಏನಾಯಿತು ಅಂತ ಕೇಳಿದರು. ಗ್ವಾಡೆಗೆ ಹಾಕುವಷ್ಟು ದೊಡ್ಡದು ಒಂದು, ಜೇಬಿಗೆ ಹಿಡಿಯುವಂಥದ್ದು ಒಂದು ಬೇಕಂತೆ. ರಾಮನಗರದಲ್ಲಿ ಪ್ರಿಂಟು ಹಾಕಿಸಿ ತಂದೆ. ಕೊಡುವ ಮೊದಲು ತಿರುಗಿಸಿ, ಅಂಚಿನಲ್ಲಿ ಸೀಸದ ಕಡ್ಡಿಯಿಂದ ಊರು, ತಾರೀಕು, ಇಬ್ಬರ ಹೆಸರು ಬರೆದೆ. ಅವರದನ್ನು ಮೊದಲು.